ಹಿಮಕ್ಕೆ ಹೊರಟ ಮಕ್ಕಳಿಗೆ ನಾಲ್ಕು ಮಾತು

ಬೆಳಗಾವಿ ರೈಲು ನಿಲ್ದಾಣದಲ್ಲಿ ಕಪ್ಪು ಟ್ರಂಕು, ಬೆನ್ನಿಗೆ ಹಸಿರು ಚೀಲ, ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಿ ಕಂಡರೆ ಸಾಕು, ನನ್ನ ಕಾಲು ತಾನಾಗಿ ಅತ್ತ ಹೋಗುತ್ತದೆ. "ಎಲ್ಲಿಗಪ್ಪಾ ಈ ಸಲ?" ಎಂದು ಕೇಳುತ್ತೇನೆ. "ಲೇಹ್‌ಗ ರೀ, ಆಮ್ಯಾಲೆ ಗ್ಲೇಸಿಯರ್‌ಗೆ" ಎಂದರೆ ಮುಗಿಯಿತು, ರೈಲು ಬರುವವರೆಗೂ ಆ ಹುಡುಗನನ್ನು ಬಿಡುವುದಿಲ್ಲ. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಬಹಳ ವರ್ಷ ಕಳೆದವಳು ನಾನು. ಅದರಲ್ಲಿ ಎರಡು ಸಲ ಲಡಾಖಿನಲ್ಲಿದ್ದೆ. ರೈಲು ಬಂದು ಅರ್ಧಕ್ಕೇ ನಿಂತ ಮಾತುಗಳು ಎಷ್ಟೋ ಇವೆ, ಅವನ್ನೆಲ್ಲ ಇಲ್ಲಿ ಬರೆದಿದ್ದೇನೆ.

ನಿಮಗೆ ಇದು ಗೊತ್ತಿಲ್ಲ ಎಂದಲ್ಲ. ಸಿಯಾಚಿನ್ ಬ್ಯಾಟಲ್ ಸ್ಕೂಲಿನಲ್ಲಿ ಉಸ್ತಾದರು ಎಲ್ಲ ಹೇಳಿಕೊಡುತ್ತಾರೆ. ಆದರೆ ಎತ್ತರ ಹೆಚ್ಚಿದಂತೆ ಮರೆವೂ ಹೆಚ್ಚುತ್ತದೆ. ಅದಕ್ಕೇ ಕೆಳಗಿರುವಾಗಲೇ ಓದಿಕೊಳ್ಳಿ.

• ಊರು ಬಿಡುವ ಮೊದಲು ಹಲ್ಲು ತೋರಿಸಿ. ಇಲ್ಲಿ ಲವಂಗ ಇಟ್ಟುಕೊಂಡು ದಿನ ದೂಡಿದ ಹುಳುಕು ಹಲ್ಲು ಅಲ್ಲಿ ತಣ್ಣನೆ ಗಾಳಿ ತಾಗಿದರೆ ರಾತ್ರಿಯಿಡೀ ನಿದ್ದೆಗೆಡಿಸುತ್ತದೆ. ಪೋಸ್ಟಿನಲ್ಲಿ ಹಲ್ಲು ಕೀಳುವವರು ಯಾರೂ ಇರುವುದಿಲ್ಲ.

• ಉಂಗುರ ತೆಗೆದು ಮನೆಯಲ್ಲಿಟ್ಟು ಹೋಗಿ. ಚಳಿಗೆ ಬೆರಳು ಊದಿದರೆ ಉಂಗುರ ರಕ್ತವನ್ನು ತಡೆಯುತ್ತದೆ, ಆಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ತಾಯಿ ಕಟ್ಟಿದ ದಾರ ಮಣಿಕಟ್ಟಿನಲ್ಲಿದ್ದರೆ ಇರಲಿ, ಒಂದು ಬೆರಳು ತೂರುವಷ್ಟು ಸಡಿಲ ಮಾಡಿಸಿಕೊಳ್ಳಿ.

• ಅಂಟಿನುಂಡಿ ಕೊಟ್ಟರೆ ಬೇಡ ಎನ್ನಬೇಡಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಅನ್ನ ಕಂಡರೆ ಮುಖ ತಿರುಗಿಸುವಂತಾಗುತ್ತದೆ, ಆದರೆ ಮೈ ಬೆಚ್ಚಗಿಡಲು ಕೆಳಗಿನದಕ್ಕಿಂತ ಹೆಚ್ಚು ಆಹಾರ ಬೇಕು. ತುಪ್ಪ, ಕೊಬ್ಬರಿ, ಉತ್ತತ್ತಿ ಇರುವ ಒಂದು ಉಂಡಿ ಒಂದು ಹೊತ್ತಿನ ಊಟದ ಅರ್ಧ ಕೆಲಸ ಮಾಡುತ್ತದೆ. ಶೇಂಗಾ ಹಿಂಡಿಯನ್ನೂ ಒಯ್ಯಿರಿ, ಬಾಯಿಗೆ ರುಚಿ ಮರಳಿದರೆ ಎರಡು ತುತ್ತು ಹೆಚ್ಚು ಇಳಿಯುತ್ತದೆ.

• ನೆಗಡಿ, ಜ್ವರ ಇಟ್ಟುಕೊಂಡು ಲೇಹ್ ವಿಮಾನ ಹತ್ತಬೇಡಿ. ಟ್ರಾನ್ಸಿಟ್ ಕ್ಯಾಂಪಿನ ಎಂ.ಐ. ರೂಮಿನಲ್ಲಿ (ವೈದ್ಯರ ತಪಾಸಣೆ ಕೋಣೆಯಲ್ಲಿ) ಹೇಳಿ, ಎರಡು ದಿನ ತಡವಾದರೂ ಆಗಲಿ. ಕೆಟ್ಟ ಎದೆ ಇಟ್ಟುಕೊಂಡು ಎತ್ತರಕ್ಕೆ ಹೋದವರಿಗೆ ಪುಪ್ಪುಸದಲ್ಲಿ ನೀರು ತುಂಬುವ ಭಯ ಹೆಚ್ಚು.

• ಲೇಹ್‌ನಲ್ಲಿ ಇಳಿದ ಮೊದಲೆರಡು ದಿನ ಮಲಗಿ. ನಿಜವಾಗಿಯೂ ಮಲಗಿ. ಅದು ಹನ್ನೊಂದೂವರೆ ಸಾವಿರ ಅಡಿ. ವಿಮಾನ ಒಂದು ಗಂಟೆಯಲ್ಲಿ ತಂದು ಇಳಿಸುತ್ತದೆ, ದೇಹ ಮಾತ್ರ ಇನ್ನೂ ಚಂಡೀಗಢದಲ್ಲೇ ಇರುತ್ತದೆ. ಬಿಸಿಲು ಚೆನ್ನಾಗಿದೆ, ಮೈ ಹಗುರವಾಗಿದೆ ಎಂದು ವಾಲಿಬಾಲ್ ಆಡಲು ಹೋದ ಗಟ್ಟಿಮುಟ್ಟಾದ ಹುಡುಗರನ್ನೇ ನಾನು ಮಾರನೆಯ ರಾತ್ರಿ ಆಕ್ಸಿಜನ್ ಮೇಲೆ ನೋಡಿದ್ದೇನೆ. ಕುಸ್ತಿ ಆಡಿದ ಮೈಯಾದರೇನು, ಓಟದಲ್ಲಿ ಮೊದಲು ಬಂದ ಕಾಲಾದರೇನು, ಎತ್ತರ ಅದನ್ನೆಲ್ಲ ಕೇಳುವುದಿಲ್ಲ.

• ಹೊಂದಿಕೊಳ್ಳುವ ದಿನಗಳನ್ನು ಎಣಿಸಿ ಮುಗಿಸಿ, ಒಂದನ್ನೂ ಕದಿಯಬೇಡಿ. ಒಂಬತ್ತರಿಂದ ಹನ್ನೆರಡು ಸಾವಿರ ಅಡಿಗೆ 6 ದಿನ, ಹದಿನೈದು ಸಾವಿರದವರೆಗೆ ಮತ್ತೆ 4, ಅದರಾಚೆಗೆ ಇನ್ನೂ 4. ಈ ಲೆಕ್ಕದ ಹಿಂದೆ ಬಹಳ ನೋವಿದೆ. 1962ರ ಯುದ್ಧದಲ್ಲಿ ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟು ಹಾಕಿದ ಜವಾನರನ್ನು ಬಯಲಿನಿಂದ ನೇರ ಬೆಟ್ಟಕ್ಕೆ ಸಾಗಿಸಬೇಕಾಗಿ ಬಂತು. ಗುಂಡು ತಾಗದೆಯೇ ಎಷ್ಟೋ ಜನ ಉಸಿರಿಗಾಗಿ ಒದ್ದಾಡಿದರು. ಆಗ ನಮ್ಮ ಸೇನಾ ವೈದ್ಯರು 1,925 ಜವಾನರ ಕಾಯಿಲೆಯನ್ನು ಬರೆದಿಟ್ಟು 1969ರಲ್ಲಿ ಪ್ರಕಟಿಸಿದ್ದನ್ನು ಇವತ್ತಿಗೂ ಬೇರೆ ದೇಶದವರು ಓದುತ್ತಾರೆ. ಆ ಜವಾನರು ಪಟ್ಟ ಪಾಡು ನಿಮಗೆ ಬೇಡ ಎಂದೇ ಆ ದಿನಗಳನ್ನು ಕೊಟ್ಟಿರುವುದು.

• ರಜೆ ಮುಗಿಸಿ ಮರಳಿದಾಗಲೂ ಹೊಸಬರ ಹಾಗೆಯೇ ನಡೆದುಕೊಳ್ಳಿ. ಊರಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಕಳೆದರೆ ದೇಹ ಕಲಿತದ್ದನ್ನು ಮರೆಯಲು ಶುರುಮಾಡುತ್ತದೆ. "ನಾನು ವರ್ಷದಿಂದ ಇಲ್ಲೇ ಇದ್ದೇನಲ್ಲ" ಎನ್ನುವ ಹಳಬರೇ ಈ ಜಾಗದಲ್ಲಿ ಎಡವುವುದು.

• ತಲೆನೋವು ಬಂದರೆ ಹೇಳಿ. ಮಾತ್ರೆ ನುಂಗಿ ಸುಮ್ಮನಾಗಬೇಡಿ. ತಲೆನೋವಿದ್ದಾಗ ಇನ್ನೂ ಎತ್ತರಕ್ಕೆ ಹೋಗುವುದಂತೂ ಬೇಡವೇ ಬೇಡ.

• ಡಯಾಮಾಕ್ಸ್ ಮಾತ್ರೆಯನ್ನು ಆರ್.ಎಂ.ಓ. (ನಿಮ್ಮ ಪಲ್ಟನ್ನಿನ ಡಾಕ್ಟರು) ಹೇಳಿದರೆ ಮಾತ್ರ, ಹೇಳಿದಷ್ಟೇ ತೆಗೆದುಕೊಳ್ಳಿ. ಬೆರಳು ಜುಮುಜುಮು ಎಂದರೆ, ಮೂತ್ರ ಹೆಚ್ಚು ಹೋದರೆ ಗಾಬರಿಯಾಗಬೇಡಿ, ಅದು ಮಾತ್ರೆಯ ಗುಣ. ಸಲ್ಫಾ ಔಷಧಿ ಒಗ್ಗುವುದಿಲ್ಲ ಎಂದಾದರೆ ಮೊದಲೇ ಹೇಳಿ.

ಇನ್ನು ಒಣಕೆಮ್ಮಿನ ಮಾತು. ನೀವು ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

• ಒಣಕೆಮ್ಮು ಬಂದರೆ, ಕೂತಲ್ಲೇ ಏದುಸಿರು ಬಂದರೆ, ಜೊತೆಯವರ ಸಮ ನಡೆಯಲಾಗದೆ ಹಿಂದೆ ಬಿದ್ದರೆ ಆ ಗಳಿಗೆಯಲ್ಲೇ ಬಾಯಿ ಬಿಡಿ. ವಿಜಯಪುರ ಕಡೆಯ ಒಬ್ಬ ಹುಡುಗ ಎರಡು ದಿನ ಮುಚ್ಚಿಟ್ಟಿದ್ದ. "ಏನಿಲ್ರೀ ಮೇಡಂ, ಬರೇ ಗಂಟಲ ಕೆರಿತದ" ಎನ್ನುತ್ತಲೇ ಸ್ಟ್ರೆಚರ್ ಮೇಲೆ ಬಂದ. ಅವನಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಹಾಸಿಗೆಯ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದ. ಉಗುರುಗಳು ನೀಲಿಗಟ್ಟಿದ್ದವು. ಬೆನ್ನಿಗೆ ಕಿವಿ ಇಟ್ಟರೆ ಒಳಗೆ ಗುಳುಗುಳು ಸದ್ದು. ಕೆಮ್ಮಿದಾಗ ನನ್ನ ಕೈಯಲ್ಲಿದ್ದ ಬಿಳಿ ಟವೆಲ್ಲಿಗೆ ತೆಳು ಗುಲಾಬಿ ಬಣ್ಣದ ನೊರೆ ಬಿತ್ತು. ಪುಪ್ಪುಸದಲ್ಲಿ ನೀರು ತುಂಬುವ ಈ ಕಾಯಿಲೆಯನ್ನೇ ನಿಮ್ಮ ಭಾಷೆಯಲ್ಲಿ ಹೇಪೋ ಎನ್ನುತ್ತಾರೆ. ಆ ರಾತ್ರಿ ಡಾಕ್ಟರು, ನಾನು, ಇಬ್ಬರು ನರ್ಸಿಂಗ್ ಅಸಿಸ್ಟೆಂಟರು ಅವನ ಬಳಿಯಿಂದ ಏಳಲಿಲ್ಲ. ಬದುಕಿಕೊಂಡ. ಮುಚ್ಚಿಟ್ಟದ್ದೇಕೆ ಎಂದು ಕೇಳಿದರೆ, "ಎಲ್ಲಾರೂ ಹೊರಟಿದ್ರು, ನಾ ಒಬ್ಬನಽ ಹಿಂದ ಉಳಿತೀನಿ ಅಂತ ನಾಚಿಕಿ ಆತ್ರೀ" ಎಂದ.

• ಮೆಡಿಕಲ್ ಕೆಟಗರಿ ಇಳಿಯುತ್ತದೆ ಎಂಬ ಭಯದಿಂದಲೂ ಮುಚ್ಚಿಡಬೇಡಿ. ಶೇಪ್ ಒನ್, ಅಂದರೆ ಪೂರ್ತಿ ಆರೋಗ್ಯದ ದರ್ಜೆ, ಉಳಿಸಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ, ಬಡ್ತಿ, ಕೋರ್ಸು ಎಲ್ಲ ಅದಕ್ಕೇ ಕಟ್ಟಿಕೊಂಡಿವೆ. ಆದರೆ ಮೊದಲ ದಿನವೇ ಹೇಳಿ ಕೆಳಗಿಳಿದವರು ಆಕ್ಸಿಜನ್ನಿನಲ್ಲಿ ಕೆಲವೇ ದಿನಕ್ಕೆ ಎದ್ದು ಕೂತದ್ದನ್ನು ನೋಡಿದ್ದೇನೆ. ತಡಮಾಡಿದವರ ವಿಷಯದಲ್ಲಿ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

• ಜೊತೆಗಾರ ಕುಡಿದವರ ಹಾಗೆ ತೂರಾಡಿದರೆ, ಸುಮ್ಮನೆ ಸಿಡುಕಿದರೆ, ತಲೆನೋವಿನ ಜೊತೆ ವಾಂತಿ ಮಾಡಿದರೆ ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿ. ಆಗದಿದ್ದರೆ ಮಿದುಳಿಗೆ ಬಾವು ಬಂದಿರಬಹುದು. ಅವನು "ಆರಾಮಿದ್ದೇನೆ" ಎಂದರೆ ನಂಬಬೇಡಿ, ಆ ಹೊತ್ತಿನಲ್ಲಿ ಅವನ ಬುದ್ಧಿ ಅವನ ಕೈಯಲ್ಲಿರುವುದಿಲ್ಲ. ರೇಡಿಯೋದಲ್ಲಿ ತಿಳಿಸಿ ಕೆಳಗಿಳಿಸುವ ದಾರಿ ನೋಡಿ, ಬೆಳಗಾಗಲಿ ಎಂದು ಕಾಯಬೇಡಿ.

• ಹೇಪೋ ಬ್ಯಾಗನ್ನು ಬೇಸ್ ಕ್ಯಾಂಪಿನಲ್ಲೇ ಒಮ್ಮೆ ಬಿಚ್ಚಿ, ಒಬ್ಬನನ್ನು ಒಳಗೆ ಮಲಗಿಸಿ, ಪಂಪು ಒತ್ತಿ ನೋಡಿ. ಅದರೊಳಗೆ ಮಲಗಿದವನಿಗೆ ಸಾವಿರಾರು ಅಡಿ ಕೆಳಗಿಳಿದಷ್ಟು ಒತ್ತಡದ ಗಾಳಿ ಸಿಗುತ್ತದೆ, ಆದರೆ ಪಂಪು ನಿಲ್ಲಿಸುವಂತಿಲ್ಲ. ಆ ಎತ್ತರದಲ್ಲಿ ಒತ್ತುವವನೂ ಬೇಗ ಸುಸ್ತಾಗುತ್ತಾನೆ. ಯಾರಾದ ಮೇಲೆ ಯಾರು ಎಂದು ಮೊದಲೇ ಸರದಿ ಮಾಡಿಟ್ಟುಕೊಳ್ಳಿ.

• ರಾತ್ರಿ ನಿದ್ದೆಯಲ್ಲಿ ಉಸಿರು ಒಮ್ಮೆ ನಿಂತು ಮತ್ತೆ ಜೋರಾಗಿ ಬಂದರೆ ಹೆದರಬೇಡಿ. ಎತ್ತರದಲ್ಲಿ ಬಹಳ ಜನಕ್ಕೆ ಹಾಗಾಗುತ್ತದೆ. ನಿದ್ದೆ ಬರಲಿ ಎಂದು ಮಾತ್ರೆ ಮಾತ್ರ ತೆಗೆದುಕೊಳ್ಳಬೇಡಿ, ಇರುವ ಉಸಿರನ್ನೂ ಅದು ಮಂದ ಮಾಡುತ್ತದೆ.

• ಬಾಯಾರಿಕೆಗೆ ಕಾಯದೆ ನೀರು ಕುಡಿಯಿರಿ. ಹಿಮ ಕರಗಿಸಲು ಸೀಮೆಎಣ್ಣೆ ಬೇಕು, ಹೊತ್ತೂ ಬೇಕು, ಅದಕ್ಕೇ ಎಲ್ಲರೂ ನೀರಿನಲ್ಲಿ ಉಳಿತಾಯ ಮಾಡುತ್ತಾರೆ. ಬೇರೆ ಎಲ್ಲಿಯಾದರೂ ಉಳಿಸಿ, ಇಲ್ಲಿ ಬೇಡ. ಹಿಮದ ಮೇಲೆ ಬಿದ್ದ ಮೂತ್ರ ಕಡು ಹಳದಿ ಕಂಡರೆ ಇನ್ನೊಂದು ಮಗ್ ಕುಡಿಯಿರಿ. ಹಸಿ ಹಿಮವನ್ನು ಬಾಯಿಗೆ ಹಾಕಿಕೊಳ್ಳಬೇಡಿ, ಅದನ್ನು ಕರಗಿಸಲು ಮೈಯ ಕಾವೇ ಖರ್ಚಾಗುತ್ತದೆ.

• ರಮ್ ಬೆಚ್ಚಗಿಡುತ್ತದೆ ಎಂಬುದು ಸುಳ್ಳು. ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಕಾವು ಹೊರಗೆ ಹೋಗುತ್ತದೆ. ಬೀಡಿ ಸಿಗರೇಟೂ ಬಿಡಿ, ಬೆರಳ ತುದಿಯ ರಕ್ತನಾಳಗಳು ಅದರಿಂದ ಇನ್ನಷ್ಟು ಬಿಗಿಯುತ್ತವೆ.

• ಕಾಲುಚೀಲ. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಬೆವರಿದ ಕಾಲುಚೀಲವನ್ನು ಪಾಳಿ ಮುಗಿದ ಕೂಡಲೇ ಬದಲಿಸಿ, ದಣಿವಾಗಿದೆ ಎಂದು ಹಾಗೇ ಸ್ಲೀಪಿಂಗ್ ಬ್ಯಾಗಿಗೆ ನುಗ್ಗಬೇಡಿ. ಒದ್ದೆ ಜೋಡಿಯನ್ನು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಳ್ಳಿ, ಬೆಳಿಗ್ಗೆಗೆ ಒಣಗಿರುತ್ತದೆ. ಒಂದು ಜೋಡಿಯನ್ನು ಮಲಗಲು ಮಾತ್ರ ಎಂದು ಬೇರೆಯೇ ತೆಗೆದಿಡಿ. ಬೆಚ್ಚಗಿರಲೆಂದು ಮೂರು ಜೋಡಿ ಹಾಕಿ ಬೂಟು ಬಿಗಿ ಮಾಡಿಕೊಳ್ಳಬೇಡಿ, ಬೆರಳು ಆಡಲು ಜಾಗವಿಲ್ಲದಿದ್ದರೆ ರಕ್ತ ಓಡುವುದಿಲ್ಲ. ಉಗುರನ್ನು ನೇರವಾಗಿ ಕತ್ತರಿಸಿ.

• ದಿನಕ್ಕೊಮ್ಮೆ ಜೊತೆಗಾರನ ಕಾಲು ನೀವು ನೋಡಿ, ನಿಮ್ಮ ಕಾಲು ಅವನಿಗೆ ತೋರಿಸಿ. ಸಂಕೋಚ ಬೇಡ. ಹೊರಗೆ ನಿಂತಾಗ ಒಬ್ಬರ ಮುಖವನ್ನೊಬ್ಬರು ಆಗಾಗ ನೋಡುತ್ತಿರಿ. ಮೂಗು, ಕೆನ್ನೆ, ಕಿವಿಯ ಮೇಲೆ ಮೇಣದಂಥ ಬಿಳಿ ಚುಕ್ಕೆ ಕಂಡರೆ ಒಣಗಿದ ಬೆಚ್ಚನೆ ಅಂಗೈಯನ್ನು ಅದರ ಮೇಲೆ ಸುಮ್ಮನೆ ಇಡಿ, ಉಜ್ಜಬೇಡಿ. ತನ್ನ ಮೂಗು ಬೆಳ್ಳಗಾದದ್ದು ತನಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ.

• ಮರಗಟ್ಟಿದ ಕಾಲನ್ನು ಬುಖಾರಿ ಒಲೆಗೆ ಒಡ್ಡಬೇಡಿ. ಒಬ್ಬ ಹುಡುಗ ಹಾಗೆ ಮಾಡಿಕೊಂಡಿದ್ದ. ಹಿಮದಿಂದ ಆದದ್ದಕ್ಕಿಂತ ಹೆಚ್ಚಿನ ಗಾಯ ಬೆಂಕಿಯಿಂದ ಆಗಿತ್ತು, ಅವನಿಗೆ ಸುಟ್ಟದ್ದೇ ಗೊತ್ತಾಗಿರಲಿಲ್ಲ. ನಾನು ಪಟ್ಟಿ ಬಿಚ್ಚಿದಾಗ ಮೂರು ಬೆರಳು ಒಣಗಿದ ನೇರಳೆ ಹಣ್ಣಿನ ಹಾಗೆ ಕಪ್ಪಾಗಿ ಸುಕ್ಕುಗಟ್ಟಿದ್ದವು. ಅವನು ಕಾಲನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಹಿಮ ಉಜ್ಜುವುದೂ ಬೇಡ, ತಿಕ್ಕುವುದೂ ಬೇಡ. ಬೆಚ್ಚನೆ ನೀರು ಬೇಕು, ಹಸುಗೂಸಿಗೆ ಎರೆಯುವಷ್ಟೇ ಬಿಸಿ, 37ರಿಂದ 39 ಡಿಗ್ರಿ. ಕೈ ಮರಗಟ್ಟದವರು ಮೊಣಕೈಯಲ್ಲಿ ಬಿಸಿ ನೋಡಲಿ, ಆಮೇಲೆ ಕಾಲನ್ನು ಅರ್ಧ ಗಂಟೆ ಅದರಲ್ಲಿಡಿ. ಜೀವ ಮರಳುವಾಗ ವಿಪರೀತ ನೋವಾಗುತ್ತದೆ, ನೋವಿನ ಮಾತ್ರೆ ಕೊಡಿ.

• ಆದರೆ ಆ ಕಾಲಿನಲ್ಲೇ ಮತ್ತೆ ಹಿಮದಲ್ಲಿ ನಡೆಯಬೇಕಾಗಿದ್ದರೆ ಕರಗಿಸಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳು ಉಳಿಯುವುದು ಕಷ್ಟ. ಆಸ್ಪತ್ರೆ ಮುಟ್ಟುವವರೆಗೆ ಹಾಗೇ ಒಣ ಬಟ್ಟೆ ಸುತ್ತಿ.

• ಬರಿಗೈಯಲ್ಲಿ ರೈಫಲ್, ಕ್ಯಾನು, ಕೊಡಲಿ ಮುಟ್ಟಬೇಡಿ. ಚರ್ಮ ಲೋಹಕ್ಕೆ ಅಂಟಿ ಕಿತ್ತು ಬರುತ್ತದೆ. ಕೈಗವಸನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಗಾಳಿಗೆ ಹಾರಿಹೋದ ಒಂದು ಕೈಗವಸು ಐದು ಬೆರಳಿಗೆ ಸಮ.

• ಮೋಡವಿದ್ದರೂ ಗಾಗಲ್ ಹಾಕಿ. ಹಿಮಗುರುಡು ಆಗಿಂದಾಗ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ತುಂಬಿದಂತೆ ಉರಿಯುತ್ತದೆ. ಗಾಗಲ್ ಕಳೆದರೆ ಒಂದು ರಟ್ಟಿಗೆ ಸಣ್ಣ ಸೀಳು ಮಾಡಿ ಕಣ್ಣಿಗೆ ಕಟ್ಟಿಕೊಳ್ಳಿ.

• ಟೆಂಟಿನ ಗಾಳಿಕಿಂಡಿಗೆ ಹಿಮ ಮುಚ್ಚಿದೆಯೇ ಎಂದು ಪಾಳಿಯವರು ನೋಡುತ್ತಿರಿ. ಬುಖಾರಿಯ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವಿದೆ. ಟೆಂಟಿನಲ್ಲಿರುವ ಎಲ್ಲರಿಗೂ ಒಟ್ಟಿಗೇ ತಲೆನೋವು ಬಂದರೆ ಅದನ್ನು ಎತ್ತರದ ತಲೆನೋವು ಎಂದುಕೊಳ್ಳಬೇಡಿ. ಮೊದಲು ಹೊರಗೆ ಬನ್ನಿ.

• ಮೀನಖಂಡ ಒಂದೇ ಕಾಲಿನಲ್ಲಿ ಊದಿ ನೋಯುತ್ತಿದ್ದರೆ ಉಳುಕು ಎಂದು ತಿಕ್ಕಿಸಿಕೊಳ್ಳಬೇಡಿ. ಎತ್ತರದಲ್ಲಿ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವುದುಂಟು. ತೋರಿಸಿ. ದಿನವಿಡೀ ಟೆಂಟಿನಲ್ಲಿ ಬಿದ್ದುಕೊಳ್ಳದೆ ಕಾಲು ಆಡಿಸುತ್ತಿರಿ.

• ಮಲಬದ್ಧತೆ, ಮೂಲವ್ಯಾಧಿಯನ್ನು ನಾಚಿಕೆಯಿಂದ ನುಂಗಿಕೊಳ್ಳಬೇಡಿ. ಚಳಿಗೆ ಹೆದರಿ ಶೌಚಕ್ಕೆ ಹೋಗುವುದನ್ನು ಮುಂದೂಡುತ್ತೀರಿ, ನೀರೂ ಕಡಿಮೆ, ಇನ್ನೇನಾಗುತ್ತದೆ? ಡಾಕ್ಟರು ಹೆಣ್ಣುಮಗಳಾದರೆ ಇನ್ನೂ ಬಾಯಿ ಬಿಡುವುದಿಲ್ಲ. 2023ರ ಡಿಸೆಂಬರಿನಲ್ಲಿ ಕ್ಯಾಪ್ಟನ್ ಗೀತಿಕಾ ಕೌಲ್ ಸಿಯಾಚಿನ್‌ನಲ್ಲಿ ನಿಯುಕ್ತರಾದ ಮೊದಲ ಮಹಿಳಾ ವೈದ್ಯಾಧಿಕಾರಿಯಾದರು. ಅದೇ ಬ್ಯಾಟಲ್ ಸ್ಕೂಲಿನ ತರಬೇತಿ ಮುಗಿಸಿ, ಅದೇ ಚಳಿಯಲ್ಲಿ ನಿಮಗಾಗಿ ಬಂದು ಕೂತವರ ಹತ್ತಿರ ಎಂಥ ಸಂಕೋಚ?

• ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕೈಗವಸು ಹಾಕಿಕೊಂಡು, ಕತ್ತಲಲ್ಲಿ, ಅಭ್ಯಾಸ ಮಾಡಿ. ತರಗತಿಯಲ್ಲಿ ಬೆಳಕಿತ್ತು, ಬೆರಳು ಬಿಸಿಯಾಗಿದ್ದವು. ನಿಜವಾದ ಹೊತ್ತಿನಲ್ಲಿ ಎರಡೂ ಇರುವುದಿಲ್ಲ. ನಿಮ್ಮ ಫೀಲ್ಡ್ ಡ್ರೆಸಿಂಗ್ ಯಾವ ಜೇಬಿನಲ್ಲಿದೆ ಎಂದು ಸೆಕ್ಷನ್ನಿನ ಎಲ್ಲರಿಗೂ ಗೊತ್ತಿರಲಿ.

• ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ, ಕೀಲಿನ ಮೇಲಲ್ಲ, ಟೂರ್ನಿಕೆ ಕಟ್ಟಿ ರಕ್ತ ನಿಲ್ಲುವವರೆಗೆ ತಿರುಗಿಸಿ. ಅವನು ನೋವಿಗೆ ಕೂಗುತ್ತಾನೆ ಎಂದು ಅರ್ಧಕ್ಕೆ ಬಿಡಬೇಡಿ. ಕಟ್ಟಿದ ಹೊತ್ತನ್ನು ಅವನ ಹಣೆಯ ಮೇಲಾದರೂ ಬರೆಯಿರಿ. ಆಮೇಲೆ ನಡುನಡುವೆ ಸಡಿಲಿಸಿ ನೋಡಬೇಡಿ.

• ರಕ್ತ ನಿಂತ ಕೂಡಲೇ ಗಾಯಾಳುವಿನ ಕೆಳಗೆ ಮ್ಯಾಟ್ ಹಾಕಿ. ಎಲ್ಲರೂ ಮೇಲೆ ಹೊದಿಸುತ್ತಾರೆ, ಕೆಳಗೆ ಮರೆಯುತ್ತಾರೆ. ಹಿಮ ಬೆನ್ನಿನಿಂದಲೇ ಕಾವನ್ನು ಹೀರುತ್ತದೆ, ಮೈ ತಣ್ಣಗಾದರೆ ರಕ್ತ ನಿಲ್ಲುವ ಗುಣವೂ ಕಡಿಮೆಯಾಗುತ್ತದೆ.

• ಬ್ಯಾಟಲ್ ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸಿಗೆ ನಿಮ್ಮ ಹೆಸರು ಬಂದರೆ ತಪ್ಪಿಸಿಕೊಳ್ಳಬೇಡಿ, ಬರದಿದ್ದರೆ ಕೇಳಿ ಹೋಗಿ. ಡ್ರೈವರ್, ಅಡುಗೆಯವರು, ಸಿಗ್ನಲ್‌ನವರು ಅದನ್ನು ಕಲಿತು ಬಂದು ಜೀವ ಉಳಿಸಿದ್ದನ್ನು ನಾನು ಬಲ್ಲೆ. ಹವಾಮಾನ ಕೆಟ್ಟರೆ ಚೀತಾ ಹೆಲಿಕಾಪ್ಟರ್ ಒಂದು ದಿನವಲ್ಲ, ನಾಲ್ಕು ದಿನ ಬರಲಿಕ್ಕಿಲ್ಲ. ಆ ನಾಲ್ಕು ದಿನ ನಿಮ್ಮ ಟೆಂಟೇ ಆಸ್ಪತ್ರೆ.

• ತಣ್ಣಗಿರುವ ಮೈಯನ್ನು ಹೋಯಿತು ಎಂದು ಬಿಡಬೇಡಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿಯಿತು. ಅದರ ಕೆಳಗೆ ಸಿಕ್ಕ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯಲ್ಲಿ ಮೂವರು ನಮ್ಮ ನಾಡಿನವರು. ಆರನೆಯ ದಿನ ಸುಮಾರು 25 ಅಡಿ ಅಗೆದಾಗ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು ನಿಜ. ಆದರೆ ಅಗೆಯುವವರು ಐದನೆಯ ದಿನಕ್ಕೇ ಕೈಬಿಟ್ಟಿದ್ದರೆ ಆ ಉಸಿರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ವಾರ ನಾನು ಟಿ.ವಿ. ಮುಂದಿನಿಂದ ಏಳಲಿಲ್ಲ.

• ಹಿಮಕುಸಿತದಲ್ಲಿ ಜೊತೆಗಾರ ಹೂತುಹೋದರೆ, ನಿಮಗೆ ಅಪಾಯವಿಲ್ಲ ಎಂದು ನೋಡಿಕೊಂಡು ಅಲ್ಲೇ ಹುಡುಕಲು ತೊಡಗಿ. ಸಹಾಯ ಬರುವವರೆಗೆ ಕಾಯಬೇಡಿ, ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಹೆಚ್ಚು ಜನ ಉಳಿಯುವುದು. ಸಿಕ್ಕಿದ ಕೂಡಲೇ ಮೂಗುಬಾಯಿಯ ಹಿಮ ತೆಗೆಯಿರಿ.

• ಮನಸ್ಸಿಗೆ ಭಾರವಾದರೆ ಅದನ್ನೂ ಕಾಯಿಲೆಯ ಲೆಕ್ಕದಲ್ಲೇ ಹೇಳಿ. ಮೂರು ತಿಂಗಳು ಅದೇ ನಾಲ್ಕು ಮುಖ, ಅದೇ ಬಿಳಿ, ಅದೇ ಗಾಳಿಯ ಸದ್ದು. ಮಾತು ಕಡಿಮೆ ಮಾಡಿದವನನ್ನು ಚಹಾ ಕಾಯಿಸುವ ನೆಪದಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಊಟ ಬಿಟ್ಟು ಮೂಲೆ ಹಿಡಿದರೆ ಸುಬೇದಾರ್ ಸಾಹೇಬರ ಕಿವಿಗೆ ಹಾಕಿ, ಅದು ಚಾಡಿಯಲ್ಲ.

• ಕೆಳಗಿಳಿದ ಮೇಲೆ ಬೆರಳ ತುದಿಯಲ್ಲಿ ಜೋಮು ಉಳಿದಿದ್ದರೆ ತಪಾಸಣೆಯಲ್ಲಿ ಹೇಳಿ ಬರೆಸಿಕೊಳ್ಳಿ. ಬರೆಸದ ಕಾಯಿಲೆಗೆ ಮುಂದೆ ಪಿಂಚಣಿಯ ಹೊತ್ತಿನಲ್ಲಿ ಸಾಕ್ಷಿ ಸಿಗುವುದಿಲ್ಲ.

• ಊರಿಗೆ ಬಂದ ದಿನ ತಾಯಿ ಎಣ್ಣೆ ಕಾಯಿಸಿ, ಹಂಡೆಯ ತುಂಬ ನೀರು ಕುದಿಸಿ ಕಾದಿರುತ್ತಾರೆ. ನೇರ ಕಾಲಿಡಬೇಡಿ. ಜೋಮು ಹಿಡಿದ ಕಾಲಿಗೆ ಬಿಸಿ ತಿಳಿಯುವುದಿಲ್ಲ. ಮೊದಲು ಅವರೇ ಕೈ ಅದ್ದಿ ನೋಡಲಿ.